ಅವಳಿಗೆ ಏನು ಕಡಿಮೆಯಾಗಿತ್ತು?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಮೈಕು ಕೇಳ್ತಾ ಇದೆಯಾ? ಸರಿ.

ಪರಿಚಯ ಮಾಡಿಕೊಟ್ಟವರು ನನ್ನನ್ನು ಸಿನಿಮಾ ವಿದ್ವಾಂಸೆ ಅಂದುಬಿಟ್ಟರು. ನಾನು ಮೂವತ್ತೆರಡು ವರ್ಷ ಹಳಗನ್ನಡ ಪಾಠ ಮಾಡಿದವಳು. ಸಿನಿಮಾ ನೋಡಿದ್ದೆಲ್ಲ ಟೆಂಟಿನ ನೆಲದ ಮೇಲೆ ಕೂತು. ವಿದ್ವತ್ತು ಅಂತ ಏನಾದರೂ ಇದ್ದರೆ ಅದು ಮರಳಿನ ಜತೆ ಸೀರೆಗೆ ಅಂಟಿಕೊಂಡು ಬಂದದ್ದು.

ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯಲ್ಲಿ ಈ ದಿನದ ವಿಷಯ ‘ಅಂದಿನ ಚಿತ್ರಗಳಲ್ಲಿ ಕೌಟುಂಬಿಕ ಮೌಲ್ಯಗಳು’ ಅಂತಿದೆ. ಒಪ್ಪಿಕೊಂಡವಳು ನಾನೇ. ನಾಲ್ಕು ಪುಟ ಬರೆದೂ ಇಟ್ಟಿದ್ದೆ. ಆದರೆ ಕಳೆದ ಶನಿವಾರ ಇದೇ ಸಭಾಂಗಣದಲ್ಲಿ ‘ಎಡಕಲ್ಲು ಗುಡ್ಡದ ಮೇಲೆ’ ತೋರಿಸಿದರಲ್ಲ, ಅದು ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು ಅದರ ನಾಯಕಿ ಮಾಧವಿಯ ಬಗ್ಗೆ ಒಂದು ಮಾತು ಕೇಳಿದ. ‘ಮೇಡಂ, ಗಂಡ ಒಳ್ಳೆಯವನೇ ಇದ್ದನಲ್ಲ, ಮಾಧವಿಗೆ ಏನು ಕಡಿಮೆಯಾಗಿತ್ತು?’ ನಾಲ್ಕು ಜನ ನಕ್ಕರು. ನಗದೆ ಇದ್ದವರು ಯಾರು ಅಂತ ನಾನು ತಿರುಗಿ ನೋಡಿದೆ. ಎಲ್ಲ ನನ್ನ ವಯಸ್ಸಿನ ಹೆಂಗಸರು. ಆ ನಾಲ್ಕು ಪುಟ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.

ಆ ಹುಡುಗ ಇವತ್ತೂ ಬಂದಿದ್ದಾನೆ. ಮುಖ ತಗ್ಗಿಸಬೇಡಪ್ಪ, ನಿನ್ನ ಮೇಲೆ ಕೋಪ ಇಲ್ಲ. ನೀನು ಕೇಳಿದ್ದು ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿದ ಪ್ರಶ್ನೆ. ‘ಅವಳಿಗೇನು ಕಡಿಮೆ?’ ಇದಕ್ಕೆ ಕೊನೆಯಲ್ಲಿರುವುದು ಪ್ರಶ್ನಾರ್ಥಕ ಚಿಹ್ನೆ ಅಲ್ಲ, ಬೀಗ. ಒಡವೆ ಇದೆ, ಅಕ್ಕಿ ಇದೆ, ಗಂಡ ಕುಡಿಯಲ್ಲ, ಹೊಡೆಯಲ್ಲ. ಮತ್ತೆ ಬಾಯಿ ಬಿಡುವುದಕ್ಕೆ ಏನು ಉಳಿಯಿತು?

ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ನಮ್ಮ ಹಳೆಯ ಸಿನಿಮಾ ಹೆಣ್ಣಿನ ಆಸೆಯನ್ನು ಮುಚ್ಚಿಡಲಿಲ್ಲ. ಅದನ್ನು ಹಾಡಿನಲ್ಲಿ ಧಾರಾಳವಾಗಿ ಒಪ್ಪಿಕೊಂಡಿತು. ಒಪ್ಪಿಕೊಂಡದ್ದಕ್ಕೆ ಕತೆಯಲ್ಲಿ ದಂಡ ವಸೂಲಿ ಮಾಡಿತು. ಹಾಡಿಗೊಂದು ನ್ಯಾಯ, ಕತೆಗೊಂದು ನ್ಯಾಯ. ಪಾಠ ಮಾಡಿದ ಬಾಯಿ ನೋಡಿ, ಇದನ್ನೇ ಇನ್ನೂ ನಾಲ್ಕು ಸಲ ಹೇಳಿದರೆ ಸಹಿಸಿಕೊಳ್ಳಿ.

ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು ಕೆಲವರು ಇಲ್ಲಿದ್ದಾರೆ, ಅವರಿಗೆ ಇದು ಹಳೇ ಕತೆ. ಅವರು ಬೇಕಾದರೆ ಹೊರಗೆ ಹೋಗಿ ಕಾಫಿ ಕುಡಿದು ಬರಬಹುದು.

ಸಕಲೇಶಪುರದಿಂದ ಒಳಗೆ ನಮ್ಮ ಊರು. ದೊಡ್ಡಪ್ಪನಿಗೆ ಹದಿನೆಂಟು ಎಕರೆ ಕಾಫಿ ತೋಟ, ಕೆಳಗೆ ಗದ್ದೆ. ವಾರಕ್ಕೆ ಮೂರು ರಾತ್ರಿ ದೊಡ್ಡಪ್ಪ ಸಕಲೇಶಪುರದಲ್ಲೇ ಉಳಿಯುತ್ತಿದ್ದರು. ಕಾಫಿ ವ್ಯಾಪಾರ ಅಂತಿದ್ದರು. ಕಾಫಿ ಕೊಯ್ಲು ಮುಗಿದು, ಒಣಗಿಸಿ, ಮೂಟೆ ಕಟ್ಟಿ ಕಳಿಸಿ, ಮಳೆಗಾಲ ಹಿಡಿದ ಮೇಲೂ ವ್ಯಾಪಾರ ನಡೆಯುತ್ತಲೇ ಇತ್ತು. ಯಾವ ವ್ಯಾಪಾರ ಅಂತ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಮೂರು ರಾತ್ರಿಯೂ ದೊಡ್ಡಮ್ಮ ಜಗಲಿಯ ಗೂಡಿನಲ್ಲಿ ಒಂದು ಲಾಟೀನು ಹಚ್ಚಿಟ್ಟು, ಬತ್ತಿ ಸಣ್ಣ ಮಾಡಿ, ಒಳಗೆ ಹೋಗಿ ಮಲಗುತ್ತಿದ್ದರು. ಬೆಳಿಗ್ಗೆ ಗಾಜಿಗೆ ಕಟ್ಟಿದ ಮಸಿಯನ್ನು ಬೂದಿ ಹಾಕಿ ಉಜ್ಜುವ ಕೆಲಸ ನನ್ನದು. ಮಸಿ ಎಷ್ಟು ದಪ್ಪ ಕಟ್ಟಿದೆ ಅನ್ನುವುದರಿಂದ ಅವರು ಎಷ್ಟು ಹೊತ್ತು ಎಚ್ಚರ ಇದ್ದರು ಅಂತ ನನಗೆ ಗೊತ್ತಾಗುತ್ತಿತ್ತು. ಹನ್ನೊಂದೋ ಹನ್ನೆರಡೋ ವಯಸ್ಸು ನನಗೆ. ಅರ್ಥ ಆಗುತ್ತಿರಲಿಲ್ಲ, ಗೊತ್ತಾಗುತ್ತಿತ್ತು ಅಷ್ಟೆ.

ಬೇಸಿಗೆಯಲ್ಲಿ ಪಕ್ಕದ ಊರಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ನಡುವೆ ಅಡ್ಡಗೋಡೆಯ ಹಾಗೆ ತಡಿಕೆ ಕಟ್ಟಿ ಗಂಡಸರ ಕಡೆ ಬೇರೆ, ಹೆಂಗಸರ ಕಡೆ ಬೇರೆ. ‘ನಮೋ ವೆಂಕಟೇಶ’ ರೆಕಾರ್ಡು ಹಾಕಿದರೆ ಇನ್ನು ಶುರು ಅಂತ ಅರ್ಥ. ಒಂದೂವರೆ ಮೈಲಿ ಗದ್ದೆ ಬದುವಿನ ಮೇಲೆ ಓಡುತ್ತಾ, ದೊಡ್ಡಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೈಯಲ್ಲಿ ಬ್ಯಾಟರಿ, ನಾನು ಹಿಂದೆ. ಸಿನಿಮಾ ‘ಎರಡು ಕನಸು’. 1974ರಲ್ಲಿ ಬಂದದ್ದು, ನಮ್ಮ ಟೆಂಟಿಗೆ ಬರುವಾಗ ಬೆಂಗಳೂರಿನವರು ಅದನ್ನು ನೋಡಿ ಮರೆತೂ ಆಗಿತ್ತು. ಕತೆ ನಿಮಗೆ ಗೊತ್ತು. ರಾಜ್‌ಕುಮಾರ್ ಮಂಜುಳಾಳನ್ನು ಪ್ರೀತಿಸಿ, ಮನೆಯವರ ಸಲುವಾಗಿ ಕಲ್ಪನಾಳನ್ನು ಮದುವೆಯಾಗುತ್ತಾನೆ. ತಾಳಿ ಕಟ್ಟಿದ, ಹೆಂಡತಿ ಅಂತ ನೋಡಲಿಲ್ಲ. ಹೊಡೆಯಲ್ಲ, ಬಯ್ಯಲ್ಲ. ಅವಳಿಗೇನು ಕಡಿಮೆ?

ಆಗ ಬರುತ್ತದೆ ಆ ಹಾಡು. ‘ಪೂಜಿಸಲೆಂದೇ ಹೂಗಳ ತಂದೆ.’ ಎಸ್. ಜಾನಕಿ ದನಿ, ರಾಜನ್-ನಾಗೇಂದ್ರ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ‘ತೆರೆಯೋ ಬಾಗಿಲನು’ ಅಂತ ರಾಮನನ್ನು ಕರೆಯುತ್ತಾಳೆ. ಗಂಡನ ಹೆಸರೂ ರಾಮನದೇ ಅನ್ನುವುದು ನಿಮಗೆ ನೆನಪಿರಬೇಕು. ತಡಿಕೆಯ ಆ ಕಡೆ ಗಂಡಸರು ಭಕ್ತಿಗೀತೆ ಅಂತ ಸುಮ್ಮನೆ ಬೀಡಿ ಸೇದುತ್ತಿದ್ದರು. ನಮ್ಮ ಊರಿನ ಶ್ಯಾನುಭೋಗರು ಕೈ ಕೂಡ ಮುಗಿದರು ಅಂತ ಆಮೇಲೆ ಸುದ್ದಿ. ಈ ಕಡೆ ಹೆಂಗಸರ ನೆಲದಲ್ಲಿ ಬೇರೆಯೇ ನಿಶ್ಶಬ್ದ. ಕಡಲೆಕಾಯಿ ಸುಲಿಯುವ ಸದ್ದು ನಿಂತಿತ್ತು. ಮಗುವಿಗೆ ಹಾಲು ಕೊಡುತ್ತಿದ್ದವಳು ಮಗುವನ್ನು ಮರೆತಿದ್ದಳು.

ವಾಪಸು ಬರುವಾಗ ನಾನು ಹಾಡು ಗುನುಗುತ್ತಾ, ‘ರಾಮದೇವ್ರ ಹಾಡು ಚೆನ್ನಾಗಿತ್ತಲ್ವಾ ದೊಡ್ಡಮ್ಮ’ ಅಂದೆ. ಅವರು ಸ್ವಲ್ಪ ದೂರ ಮಾತಾಡಲಿಲ್ಲ. ಆಮೇಲೆ ಬದುವಿನ ಮೇಲೆ ನಿಂತು ಬ್ಯಾಟರಿ ಆರಿಸಿ, ‘ಅವ್ಳು ಕರೀತಿದ್ದುದ್ದು ದೇವ್ರನ್ನಲ್ಲ ಕಣ್ ಮಗಾ’ ಅಂದರು. ಅಷ್ಟೇ. ಮತ್ತೆ ಬ್ಯಾಟರಿ ಹಾಕಿ ನಡೆದರು.

ಮುಂದೇನಾಯಿತು ಕೇಳಿ. ಆ ಹಾಡು ನಮ್ಮೂರ ಶನಿವಾರದ ಭಜನೆಗೆ ಸೇರಿಬಿಟ್ಟಿತು. ಶ್ಯಾನುಭೋಗರೇ ತಾಳ ಹಾಕುತ್ತಿದ್ದರು. ಹತ್ತು-ಹನ್ನೆರಡು ಹೆಂಗಸರು ಸಾಲಾಗಿ ಕೂತು, ಗಂಡಂದಿರ ಎದುರಿಗೇ, ಅತ್ತೆಯಂದಿರ ಎದುರಿಗೇ, ಕಣ್ಣು ಮುಚ್ಚಿಕೊಂಡು ‘ಬಾಗಿಲು ತೆಗಿ’ ಅಂತ ಹಾಡುತ್ತಿದ್ದರು. ಎಲ್ಲರ ಮುಂದೆ, ದೀಪದ ಬೆಳಕಿನಲ್ಲಿ. ಯಾರೂ ಏನೂ ಅನ್ನುವ ಹಾಗಿಲ್ಲ, ರಾಮನ ಹಾಡಲ್ಲವಾ! ದೊಡ್ಡಮ್ಮ ಅದನ್ನು ಹಾಡುವಾಗ ನನ್ನ ಕಡೆ ಒಂದು ಸಲ ಕಣ್ಣು ಬಿಟ್ಟು ನೋಡುತ್ತಿದ್ದರು. ನನ್ನ ಪಿಎಚ್.ಡಿ. ಆಗಿದ್ದು ವಚನ ಸಾಹಿತ್ಯದ ಮೇಲೆ. ಶರಣಸತಿ ಲಿಂಗಪತಿ, ಭಕ್ತನೇ ಹೆಂಡತಿ ದೇವರೇ ಗಂಡ ಅನ್ನುವ ಆ ಭಾವ, ಅಂದರೇನು ಅಂತ ನನ್ನ ಮಾರ್ಗದರ್ಶಕರು ಮೂರು ವರ್ಷ ಹೇಳಿಕೊಟ್ಟರು. ದೊಡ್ಡಮ್ಮ ಅದನ್ನು ಗದ್ದೆ ಬದುವಿನ ಮೇಲೆ ಮುಗಿಸಿದ್ದರು.

ಸಿನಿಮಾದಲ್ಲಿ ಬಾಗಿಲು ಕೊನೆಗೆ ತೆರೆಯಿತು. ಆದರೆ ಅವಳ ಆಸೆಗೆ ಓಗೊಟ್ಟು ಅಲ್ಲ, ತಾಳ್ಮೆಗೆ ಕೊಟ್ಟ ಬಹುಮಾನ ಅನ್ನುವ ಹಾಗೆ. ಹಾಡಿಗೊಂದು ನ್ಯಾಯ, ಕತೆಗೊಂದು ನ್ಯಾಯ. ಇದು ಎರಡನೇ ಸಲ.

ಬಾಗಿಲು ಅಂದಾಗ ಈ ಊರಿನಲ್ಲಿ ಹಾಸನಾಂಬೆಯನ್ನು ಬಿಟ್ಟು ಮಾತಾಡುವುದು ಹೇಗೆ? ವರ್ಷಕ್ಕೊಂದು ಸಲ, ದೀಪಾವಳಿಯ ಆಸುಪಾಸಿನಲ್ಲಿ, ಅವಳ ಬಾಗಿಲು ತೆರೆಯುತ್ತದೆ. ಆ ಗುಡಿಯಲ್ಲಿ ಸೊಸೆ ಕಲ್ಲು ಇದೆ, ನೀವೆಲ್ಲ ನೋಡಿದ್ದೀರಿ. ಅತ್ತೆಯ ಕಾಟಕ್ಕೆ ಸಿಕ್ಕ ಸೊಸೆ ಕಲ್ಲಾದಳು, ಆ ಕಲ್ಲು ವರ್ಷಕ್ಕೊಂದು ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ ಅಂತ ಹೇಳುತ್ತಾರೆ. ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ಸೊಸೆಗೆ ನ್ಯಾಯ ಸಿಗುವುದಕ್ಕೂ ಪ್ರಳಯಕ್ಕೂ ಒಂದೇ ಮುಹೂರ್ತ ಇಟ್ಟಿದ್ದಾರೆ ನೋಡಿ ನಮ್ಮವರು!

ಈಗ ‘ಶರಪಂಜರ’. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, 1971. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರ ‘ಬೆಳ್ಳಿ ಮೋಡ’ವನ್ನು ಪುಟ್ಟಣ್ಣ ಸಿನಿಮಾ ಮಾಡಿದ್ದು 1967ರಲ್ಲಿ. ಅಂದರೆ ತಾವು ಬರೆದ ಹೆಣ್ಣು ಕಲ್ಪನಾಳ ಮುಖ ಹೊತ್ತು ಬಂದದ್ದನ್ನು ಆಯಮ್ಮ ನೋಡಲೇ ಇಲ್ಲ. ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು, ಹೆಂಗಸಿನ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದನ್ನೇ ಕಾದಂಬರಿ ಮಾಡಿದರು.

ಆ ಸಿನಿಮಾದಲ್ಲಿ ಬೇಂದ್ರೆಯವರ ಒಂದು ಕವಿತೆ ಇದೆ, ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’. ಚುಂಬಕ ಗಾಳಿ ಬೀಸುತ್ತದೆ ಅಲ್ಲಿ. ಸೆನ್ಸಾರಿನವರು ಕೇಳಿದರೆ ಚುಂಬಕ ಅಂದರೆ ಅಯಸ್ಕಾಂತ, ವಿಜ್ಞಾನ ಅಂತ ಹೇಳಬಹುದು. ಚುಂಬನಕ್ಕೂ ಅದಕ್ಕೂ ಒಂದೇ ಅಕ್ಷರ ದೂರ ಅಂತ ಬೇಂದ್ರೆಗೆ ಗೊತ್ತಿರಲಿಲ್ಲವಾ? ಗಂಡ ಹೆಂಡತಿ ಆ ಹಾಡಿನಲ್ಲಿ ಇಬ್ಬರೂ ಸಮ. ಅವನ ಕಣ್ಣಿನಲ್ಲಿ ಎಷ್ಟು ಬಯಕೆ ಇದೆಯೋ ಹೆಂಡತಿ ಕಾವೇರಿಯ ಕಣ್ಣಿನಲ್ಲೂ ಅಷ್ಟೇ ಇದೆ. ಕನ್ನಡದ ತೆರೆಯ ಮೇಲೆ, ತಾಳಿ ಕಟ್ಟಿಸಿಕೊಂಡ ಹೆಣ್ಣು ತನ್ನ ಗಂಡನನ್ನು ಅಷ್ಟು ನೇರವಾಗಿ ಬಯಸಿದ್ದು ಕಡಿಮೆ.

ಅದಕ್ಕೆ ದಂಡ ಎಷ್ಟು ಬಿತ್ತು ನೋಡಿ. ಮದುವೆಗೆ ಮುಂಚಿನ ಒಂದು ಪ್ರಸಂಗ ಅವಳ ಮನಸ್ಸನ್ನು ಒಳಗಿಂದೊಳಗೆ ಕೊರೆಯುತ್ತದೆ. ಬಾಣಂತನದಲ್ಲಿ ಬುದ್ಧಿ ಕದಡುತ್ತದೆ. ಆಸ್ಪತ್ರೆಗೆ ಹೋಗಿ ಗುಣವಾಗಿ ಬರುತ್ತಾಳೆ. ಗುಣವಾದವಳು ಅಂತ ಡಾಕ್ಟರು ಹೇಳಿದರು, ಮನೆ ಒಪ್ಪಲಿಲ್ಲ. ನಕ್ಕರೆ ಅನುಮಾನ, ಅತ್ತರೆ ಅನುಮಾನ, ಸಿಂಗರಿಸಿಕೊಂಡರಂತೂ ಇನ್ನೂ ಅನುಮಾನ. ಗಂಡನಿಗೆ ಅಷ್ಟರಲ್ಲಿ ಆಫೀಸಿನ ಹೆಣ್ಣಿನ ಸಂಗ. ಅವನ ಆಸೆಗೆ ಯಾವ ಡಾಕ್ಟರೂ ಬೇಕಾಗಲಿಲ್ಲ. ಅವಳದ್ದಕ್ಕೆ ಆಸ್ಪತ್ರೆಯ ಕಬ್ಬಿಣದ ಬಾಗಿಲು. ಹೋದ ತಿಂಗಳು ಇಲ್ಲಿ ಅದನ್ನು ತೋರಿಸಿದಾಗ ನನ್ನ ಪಕ್ಕ ಕೂತ ಒಬ್ಬರು, ನನಗಿಂತ ಹಿರಿಯರು, ‘ಅವಳು ಮೊದಲೇ ಗಂಡನ ಹತ್ತಿರ ಎಲ್ಲ ಹೇಳಿಬಿಡಬೇಕಿತ್ತು’ ಅಂದರು. ಹೇಳಿದ್ದರೆ ಸ್ವಾಮಿ? ಸಿನಿಮಾ ಇಂಟರ್‌ವಲ್ಲಿಗೆ ಮುಂಚೆ ಮುಗಿಯುತ್ತಿತ್ತು, ಅಷ್ಟೆ.

ಕಾವೇರಿಯಾಗಿ ನಟಿಸಿದ ಕಲ್ಪನಾ ಬಗ್ಗೆ ಒಂದು ಮಾತು. ಅತಿ ಅಭಿನಯ ಅಂತ ಈಗಿನವರು ಅನ್ನುತ್ತಾರೆ. ಹೌದು, ಅತಿಯೇ. ಆದರೆ ಟೆಂಟಿನ ಹೆಂಗಸರ ಕಡೆ ಕೂತು ನೋಡಿದವರಿಗೆ ಅದು ಅತಿ ಅನ್ನಿಸಲಿಲ್ಲ. ಮನೆಯಲ್ಲಿ ಹನಿಯಷ್ಟೂ ತೋರಿಸಲಾಗದವರ ಪರವಾಗಿ ಅವಳೊಬ್ಬಳು ಕೊಡಗಟ್ಟಲೆ ಸುರಿಯುತ್ತಿದ್ದಳು.

‘ಬೆಳ್ಳಿ ಮೋಡ’ದಲ್ಲಿ ನನಗೆ ಇಷ್ಟವಾಗುವುದು ಅವಳ ‘ಬೇಡ’. ತೋಟದ ಮನೆ, ಒಬ್ಬಳೇ ಮಗಳು ಇಂದಿರಾ. ಹುಡುಗ ಅವಳನ್ನು ಮದುವೆಯಾಗಲು ಒಪ್ಪುತ್ತಾನೆ, ಆ ದುಡ್ಡಿನಲ್ಲೇ ಅಮೆರಿಕಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೆ ಒಬ್ಬ ತಮ್ಮ ಹುಟ್ಟುತ್ತಾನೆ. ತೋಟ ಕೈ ತಪ್ಪಿತು, ಪ್ರೀತಿಯೂ ತಪ್ಪಿತು. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಜಾತಕದ ಜತೆ ಪಹಣಿಯನ್ನೂ ಕೂಡಿಸಿ ನೋಡುವವರು ನಾವು. ಆಮೇಲೆ ಅವನು ಕಾಲು ಮುರಿದುಕೊಂಡು ಬಿದ್ದಾಗ ಅವಳೇ ಆರೈಕೆ ಮಾಡುತ್ತಾಳೆ, ಅವನಿಗೆ ಪ್ರೀತಿ ಹುಟ್ಟುತ್ತದೆ, ಕೇಳುತ್ತಾನೆ. ಅವಳು ಬೇಡ ಅನ್ನುತ್ತಾಳೆ. ‘ಬೇಕು’ ಅನ್ನುವುದಷ್ಟೇ ಆಸೆ ಅಲ್ಲ. ಯಾರು ಬೇಕು ಅಂತ ಗೊತ್ತಿದ್ದವಳಿಗೆ ಯಾರು ಬೇಡ ಅಂತಲೂ ಗೊತ್ತಿರುತ್ತದೆ.

ನನ್ನ ಹಳಗನ್ನಡಕ್ಕೆ ಐದು ನಿಮಿಷ ಕೊಡಿ, ಇಲ್ಲದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಇಲ್ಲಿಂದ ಮೂವತ್ತು ಕಿಲೋಮೀಟರು ಹಳೇಬೀಡು. ಹೊಯ್ಸಳರ ದೋರಸಮುದ್ರ. ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ರಾಣಿ ಅಮೃತಮತಿ ರಾಜನ ಪಕ್ಕದಲ್ಲೇ ಮಲಗಿದ್ದಾಳೆ. ಚೆಲುವ ಗಂಡ, ಅರಮನೆ, ಅಂತಃಪುರ. ಅವಳಿಗೇನು ಕಡಿಮೆ? ಇರುಳು ಆನೆಲಾಯದ ಕಡೆಯಿಂದ ಮಾವಟಿಗನೊಬ್ಬ ಹಾಡುವುದು ಕೇಳುತ್ತದೆ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಹಾಡು ಕೇಳಿಯೇ ಮನಸ್ಸು ಹೋಗುತ್ತದೆ. ಗೆಳತಿಯನ್ನು ಕಳಿಸಿದರೆ ಅವಳು ನೋಡಿ ಬಂದು ಹೌಹಾರುತ್ತಾಳೆ. ಅವನು ಅಷ್ಟಾವಂಕ, ಮೈಯೆಲ್ಲ ಸೊಟ್ಟ, ಕುರೂಪಿ. ರಾಣಿ ಏನನ್ನುತ್ತಾಳೆ? ಒಲವು ಹುಟ್ಟಿದ ಮೇಲೆ ರೂಪದ ಗೊಡವೆ ಯಾಕೆ ಅನ್ನುತ್ತಾಳೆ. ಎಂಟುನೂರು ವರ್ಷ ಹಿಂದೆ! ಕಾವ್ಯದ ಉದ್ದೇಶ ಬೇರೆ, ಹಿಂಸೆ ಕೂಡದು, ಹಿಟ್ಟಿನ ಕೋಳಿಯನ್ನು ಕೊಯ್ದರೂ ಪಾಪ ಬಿಡದು ಅಂತ. ಆ ಧರ್ಮಕ್ಕೆ ಅವಳು ಪಾಪಿ, ಗಂಡನಿಗೆ ವಿಷ ಹಾಕಿದವಳು, ನರಕಕ್ಕೆ ಹೋಗಲೇಬೇಕು, ಹೋಗುತ್ತಾಳೆ. ಆದರೆ ಹಾಡು ಕೇಳಿದ ಆ ಇರುಳನ್ನು ಬರೆಯುವಾಗ ಜನ್ನನ ಕೈ ಧರ್ಮದ ಮಾತು ಕೇಳಿಲ್ಲ. ಮೂರನೇ ಸಲ ಹೇಳುತ್ತಿದ್ದೇನೆ. ಹಾಡಿಗೊಂದು ನ್ಯಾಯ, ಕತೆಗೊಂದು ನ್ಯಾಯ. ಇದು ಪುಟ್ಟಣ್ಣನವರ ಕಾಲದಲ್ಲಿ ಹುಟ್ಟಿದ್ದಲ್ಲ, ನಮ್ಮ ಜಿಲ್ಲೆಯಷ್ಟು ಹಳೆಯದು.

ಬೇಲೂರಿನ ಗೋಡೆಗೆ ಹೋಗಿ ನೋಡಿ, ದರ್ಪಣ ಸುಂದರಿ ನಿಂತಿದ್ದಾಳೆ. ಕನ್ನಡಿ ಹಿಡಿದು ತನ್ನನ್ನು ತಾನು ನೋಡಿಕೊಳ್ಳುತ್ತಿದ್ದಾಳೆ, ಗಂಡನ ದಾರಿಯನ್ನಲ್ಲ. ಮದುವೆಯಾದ ಮಗಳು ಹಾಗೆ ಅರ್ಧ ಗಂಟೆ ಕನ್ನಡಿ ಮುಂದೆ ನಿಂತರೆ ಮನೆಯಲ್ಲಿ ಏನನ್ನುತ್ತಾರೆ? ಕಲ್ಲಾದರೆ ಪರವಾಗಿಲ್ಲ, ಟಿಕೆಟ್ ಇಲ್ಲದೆ ನೋಡುತ್ತಾರೆ.

ಚೀಟಿ ಬಂತು. ‘ಹತ್ತು ನಿಮಿಷ’ ಅಂತಿದೆ. ಬರೆದವರ ಅಕ್ಷರ ಚೆನ್ನಾಗಿದೆ.

ಹಾಗಾದರೆ ಮಾಧವಿಗೆ ಬರೋಣ, ಆ ಹುಡುಗನಿಗೆ ಉತ್ತರ ಕೊಡಬೇಕಲ್ಲ. ‘ಎಡಕಲ್ಲು ಗುಡ್ಡದ ಮೇಲೆ’, 1973, ಭಾರತೀಸುತರ ಕಾದಂಬರಿ. ಗಂಡ ಸೈನ್ಯದಲ್ಲಿದ್ದವನು, ಗಾಯವಾಗಿ ದಾಂಪತ್ಯಕ್ಕೆ ಆಗದವನು. ಒಳ್ಳೆಯವನು, ಅದೇ ಕಷ್ಟ. ಕೆಟ್ಟವನಾಗಿದ್ದರೆ ನಾವೆಲ್ಲ ಮಾಧವಿಯ ಕಡೆ ಆಗುತ್ತಿದ್ದೆವು. ಗಂಡ ಕುಡುಕನೋ ಹೊಡೆಯುವವನೋ ಆದರೆ ಮಾತ್ರ ಹೆಂಡತಿಯ ಆಸೆಗೆ ರಜೆ ಮಂಜೂರು ಮಾಡುವುದು ನಮ್ಮ ಅಭ್ಯಾಸ. ಪುಟ್ಟಣ್ಣ ಆ ಅನುಕೂಲ ಕೊಡಲಿಲ್ಲ. ಮಾಧವಿಯಾದ ಜಯಂತಿ ‘ವಿರಹಾ ನೂರು ನೂರು ತರಹ’ ಹಾಡುವಾಗ ಎಷ್ಟು ಸಲ ಕಣ್ಣು ಮುಚ್ಚುತ್ತಾರೆ, ಎಷ್ಟು ಸಲ ತೆರೆಯುತ್ತಾರೆ ಅಂತ ಎಣಿಸಿ ನೋಡಿ. ಇದಕ್ಕೆ ಭಜನೆಯ ಮರೆ ಇಲ್ಲ, ರಾಮ ಇಲ್ಲ. ವಿರಹ ಅನ್ನುವ ಪದವನ್ನೇ ಎತ್ತಿ ಇಟ್ಟಿದ್ದಾರೆ. ನಮ್ಮೂರ ಭಜನೆಗೆ ಇದು ಸೇರಲಿಲ್ಲ, ಪ್ರಯತ್ನ ಮಾಡಿದವರೂ ಇಲ್ಲ! ಕೊನೆಗೆ ಮಾಧವಿಗೆ ಸುಖ ಸಿಗುವುದಿಲ್ಲ, ಸಿಗುವುದಕ್ಕೆ ಬಿಡುತ್ತಲೂ ಇರಲಿಲ್ಲ. ಏನು ಕಡಿಮೆಯಾಗಿತ್ತು ಅಂತ ಕೇಳಿದೆಯಲ್ಲಪ್ಪ, ಆ ಹಾಡು ನಾಲ್ಕು ನಿಮಿಷ ಅದನ್ನೇ ಹೇಳಿತು. ನೀನು ಆಗ ಫೋನ್ ನೋಡುತ್ತಿದ್ದೆ. ನಾನು ಹಿಂದಿನ ಸಾಲಿನಲ್ಲೇ ಇದ್ದೆ.

ಇನ್ನೂ ಕೆಲವು ಸಿನಿಮಾಗಳ ಬಗ್ಗೆ ಬಹಳ ಹೇಳಬೇಕಿತ್ತು. ‘ಸಂಸ್ಕಾರ’ 1970ರದ್ದು. ನಮ್ಮ ಪಕ್ಕದ ಜಿಲ್ಲೆಯಲ್ಲೇ, ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದದ್ದು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು, ಆಮೇಲೆ ಅದಕ್ಕೇ ಸ್ವರ್ಣಕಮಲ ಬಂತು. ಇಡೀ ಅಗ್ರಹಾರ ಹೆಣ ಇಟ್ಟುಕೊಂಡು ಶಾಸ್ತ್ರ ಹುಡುಕುತ್ತಿರುವಾಗ ಅಳುಕಿಲ್ಲದೆ ಆಸೆ ಪಟ್ಟವಳು, ಸತ್ತವನ ಜತೆ ಬಾಳಿದ ಚಂದ್ರಿ ಒಬ್ಬಳೇ. ಸ್ನೇಹಲತಾ ರೆಡ್ಡಿಯವರು ಮಾತೇ ಆಡದೆ ಕಂಬಕ್ಕೆ ಒರಗಿ ಕೂತರೆ ಸಾಕು. ಚಂದ್ರಿಗೆ ಕತೆ ದಂಡ ಹಾಕುವುದಿಲ್ಲ, ಅದನ್ನು ಗಮನಿಸಿ. ಅವಳಿಗೆ ತಾಳಿ ಇರಲಿಲ್ಲ, ಹಾಗಾಗಿ ದಂಡಕ್ಕೆ ರಶೀದಿ ಬರೆಯಲು ಹೆಸರಿರಲಿಲ್ಲ.

‘ಘಟಶ್ರಾದ್ಧ’, 1977, ಕಾಸರವಳ್ಳಿ. ಬಸುರಿಯಾದ ವಿಧವೆ ಯಮುನಾ ಹುತ್ತದೊಳಗೆ ಕೈ ಇಡುವುದನ್ನು ಒಬ್ಬ ಸಣ್ಣ ಹುಡುಗ ನೋಡುತ್ತಾ ನಿಂತಿರುತ್ತಾನೆ. ಬದುಕಿದ್ದ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ, ತಾನು ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಅದರ ಮೇಲೆ ವ್ಯಾಖ್ಯಾನ ಬೇಡ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಪ್ರೇಮಾ ಕಾರಂತರು 1983ರಲ್ಲಿ ಮಾಡಿದ್ದು. ಹೆಣ್ಣು ಬರೆದು ಹೆಣ್ಣು ನಿರ್ದೇಶಿಸಿದ್ದು. ಆಸೆ ಅಂದರೇನು ಅಂತ ತಿಳಿಯುವ ಮೊದಲೇ ತಲೆ ಬೋಳಿಸಿಕೊಂಡವಳು, ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ಇದಕ್ಕೇ ಒಂದು ದಿನ ಬೇಕು. ಲಂಕೇಶರ ‘ಪಲ್ಲವಿ’, ಶ್ರೀಕೃಷ್ಣ ಆಲನಹಳ್ಳಿಯವರ ಕತೆಯ ‘ಪರಸಂಗದ ಗೆಂಡೆತಿಮ್ಮ’. ಅದರಲ್ಲಿ ತಿಮ್ಮನ ಹೆಂಡತಿ ಮರಂಕಿ ಬಯಸುವುದು ಸೋಪು, ಪೌಡರು, ಪೇಟೆಯ ಗಾಳಿ. ಸೋಪಿನ ವಾಸನೆಯಿಂದ ಒಂದು ಊರೇ ಹೆದರಿತು ಅನ್ನುವುದನ್ನು ಬಿಡಿಸಿ ಹೇಳಬೇಕಿತ್ತು. ಕಾರ್ನಾಡರ ‘ನಾಗಮಂಡಲ’ದಲ್ಲಿ ಗಂಡ ಹಗಲು ಬಂದು ಉಂಡು ಹೊರಗಿನಿಂದ ಬೀಗ ಹಾಕಿ ಹೋಗುತ್ತಾನೆ, ಬೀಗ ಲೆಕ್ಕಿಸದೆ ರಾತ್ರಿ ಹಾವು ಬರುತ್ತದೆ. ಮತ್ತೆ ಬಾಗಿಲಿಗೇ ಬಂದೆ.

ಎರಡನೇ ಚೀಟಿಯೂ ಬಂತು. ಇದರಲ್ಲಿ ‘ಕಾಫಿ ಆರುತ್ತಿದೆ’ ಅಂತಿದೆ. ಕಾಫಿ ಸೀಮೆಯವಳಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ, ನಿಲ್ಲಿಸುತ್ತೇನೆ.

ಬರುವ ಶನಿವಾರ ಇಲ್ಲಿ ‘ಎರಡು ಕನಸು’ ಹಾಕುತ್ತಾರಂತೆ. ನಾನು ಬರುತ್ತೇನೆ, ಎಡಗಡೆ ಮೂರನೇ ಸಾಲಿನಲ್ಲಿ ಕೂರುತ್ತೇನೆ. ಆ ಹಾಡು ಬಂದಾಗ ಗಂಡಸರಲ್ಲಿ ನನ್ನದೊಂದು ವಿನಂತಿ. ಕೈ ಮುಗಿಯಬೇಡಿ. ತೆರೆಯನ್ನೂ ನೋಡಬೇಡಿ, ಅದನ್ನು ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೀರಿ. ಪಕ್ಕದಲ್ಲಿ ಮನೆಯವರು ಕೂತಿರುತ್ತಾರಲ್ಲ, ಒಂದು ಸಲ ಅವರ ಕಡೆ ತಿರುಗಿ.